ತೋಡು ರಸ್ತೆಗೆ ಹತ್ತಿದಾಗ

ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ನಮ್ಮ ಮನೆ ಹತ್ತಿರದ ರಸ್ತೆಯ ಮೋರಿ (ಕಿರುಸೇತುವೆ) ಮೇಲೆ ನೀರು ಹರಿಯುವುದು ಹೊಸತಲ್ಲ. ಬೇಸಿಗೆಯಲ್ಲಿ ಪಾದವೂ ಒದ್ದೆಯಾಗದ ತೋಡು, ಅಂದರೆ ಸಣ್ಣ ಹಳ್ಳ, ಅದು. ಬೈಕಿನವರು ಒಂದು ಗಳಿಗೆ ನಿಂತು, "ಮೊಣಕಾಲಿಗೂ ಬರ್ಲಿಕ್ಕಿಲ್ಲ" ಅಂತ ಹೇಳಿ ನುಗ್ಗಿಸುತ್ತಾರೆ. ನನಗೆ ಹೆದರಿಕೆ ಆಗುವುದು ಈ ಮೊಣಕಾಲಿನ ಲೆಕ್ಕ ಕೇಳಿದಾಗಲೇ.

ಏಕೆಂದರೆ ಹರಿಯುವ ನೀರಿಗೆ ಅಷ್ಟು ಆಳ ಬೇಕಾಗಿಲ್ಲ. ರಭಸ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಜೋರಾಗಿ ಹರಿಯುವ 15 ಸೆಂಟಿಮೀಟರ್ ನೀರು, ಅಂದರೆ ಒಂದು ಗೇಣಿಗಿಂತ ಕಡಿಮೆ, ದೊಡ್ಡವರನ್ನೂ ಬೀಳಿಸಬಲ್ಲದು. ಕಾರಿನ ಒಳಗಿದ್ದರೆ ಏನೂ ಆಗದು ಅಂದುಕೊಳ್ಳುತ್ತೇವೆ, ಅಲ್ವಾ? ಸಣ್ಣ ಕಾರು ಸುಮಾರು 900 ಕಿಲೋ ತೂಗುತ್ತದೆ. ಅದರ ತಳಕ್ಕೆ ನೀರು ಮುಟ್ಟಿದ ಮೇಲೆ, ಒಳಗೆ ನೀರು ತುಂಬುವ ತನಕ, ಏರುವ ಪ್ರತಿ 10 ಸೆಂಟಿಮೀಟರ್ ನೀರೂ ಹತ್ತಿರ ಹತ್ತಿರ 500 ಕಿಲೋ ಭಾರವನ್ನು ಎತ್ತಿ ಹಿಡಿಯುತ್ತದೆ. ಚಕ್ರಕ್ಕೆ ನೆಲದ ಹಿಡಿತವೇ ತಪ್ಪುತ್ತದೆ. ಹಾಗಾಗಿ ಒಂದು ಅಡಿ ನೀರಿಗೆ ಕಾರು ಪಕ್ಕಕ್ಕೆ ಜಾರಿ ತೋಡಿಗೆ ಇಳಿಯಬಹುದು.

ನಮ್ಮಲ್ಲಿ ಇನ್ನೊಂದು ತೊಂದರೆ ಇದೆ. ತೆಂಗಿನ ಮಡಲು, ಅಡಿಕೆ ಸೋಗೆ ಬಂದು ಮೋರಿಯ ಬಾಯಿಗೆ ಸಿಕ್ಕಿಕೊಂಡರೆ ನೀರು ರಸ್ತೆ ಹತ್ತುತ್ತದೆ, ಆಚೆ ಬದಿಗೆ ಧುಮುಕಿ ಡಾಂಬರಿನ ಅಡಿಯ ಮಣ್ಣನ್ನೇ ಕೊರೆಯುತ್ತದೆ. ಕೆಂಪು ನೀರಿನಲ್ಲಿ ಆ ಗುಂಡಿ ಕಾಣುವುದೇ ಇಲ್ಲ.

ಮಳೆ ನಿಂತಿತಲ್ಲ ಅಂತ ನಂಬುವ ಹಾಗೂ ಇಲ್ಲ. ಆಗುಂಬೆ ಕಡೆ ಸುರಿದದ್ದು ಸೀತಾ ನದಿಯಲ್ಲಿ ಇಳಿದು ಬರುವಾಗ ಬಾರ್ಕೂರಿನಲ್ಲಿ ಬಿಸಿಲೇ ಇರಬಹುದು. ಕಡಲಿಗೆ ಹತ್ತಿರದ ಊರುಗಳಲ್ಲಿ ಉಬ್ಬರ ಇದ್ದಷ್ಟು ಹೊತ್ತು ನೆರೆ ಇಳಿಯಲು ಜಾಗವೇ ಸಿಗುವುದಿಲ್ಲ, ಅಲ್ಲಿ ಇಳಿತಕ್ಕೇ ಕಾಯಬೇಕು. ಸಣ್ಣ ತೋಡಾದರೆ ಮಳೆ ಬಿಟ್ಟು ಒಂದೆರಡು ಗಂಟೆಯಲ್ಲಿ ತಗ್ಗುವುದೇ ಜಾಸ್ತಿ.

2022ರ ಆಗಸ್ಟ್‌ನಲ್ಲಿ ಬೈಂದೂರು ಕಡೆ ಶಾಲೆ ಬಿಟ್ಟು ಮನೆಗೆ ಹೊರಟಿದ್ದ ಪುಟ್ಟ ಹುಡುಗಿಯೊಬ್ಬಳು ಕಾಲುಸಂಕದಿಂದ (ನಡೆದು ದಾಟುವ ಕಿರುಸೇತುವೆಯಿಂದ) ನೀರಿಗೆ ಬಿದ್ದು ತೀರಿಕೊಂಡಳು. ಆ ಸುದ್ದಿ ಓದಿದ ಮೇಲೆ ತೋಡಿನ ಸದ್ದು ನನಗೆ ಮೊದಲಿನ ಹಾಗೆ ಕೇಳಿಸುತ್ತಿಲ್ಲ.

ಈ ವರ್ಷ ಮಳೆ ಹಿಡಿಯುವ ಮೊದಲೇ ನಾವು ನೆರೆಕರೆಯವರು ಸೇರಿ ಮೋರಿಯ ಕಸ ತೆಗೆದೆವು. ಪಕ್ಕದಲ್ಲೊಂದು ಕಂಬ ನೆಟ್ಟು, ರಸ್ತೆಯ ಮಟ್ಟದಿಂದ ಅಳೆದು, 15 ಸೆಂಟಿಮೀಟರಿಗೆ ಕೆಂಪು ಪೇಂಟಿನ ಗೆರೆ ಎಳೆದಿದ್ದೇವೆ. ನೀರು ಅದನ್ನು ಮುಟ್ಟಿದ ದಿನ ಮಕ್ಕಳನ್ನು ಶಾಲೆಗೆ ಕಳಿಸುವುದಿಲ್ಲ.