ಎವ್ರಿವನ್ ಎಂದರೆ ಎಲ್ಲರೂ ಅಲ್ವಾ, ಮತ್ತೆ ‘ಈಸ್’ ಯಾಕೆ?

ಪ್ರಶ್ನೆ: ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ‘ಎವ್ರಿವನ್ ಆರ್ ರಿಕ್ವೆಸ್ಟೆಡ್ ಟು ಅಟೆಂಡ್’ ಎಂದು ಹಾಕಿದ್ದೆ. ಹೊಸದಾಗಿ ಸೇರಿದ ಹುಡುಗಿ ‘ಆರ್ ಅಲ್ಲ ಸರ್, ಈಸ್’ ಎಂದಳು. ಎಲ್ಲರೂ ಅಂದ ಮೇಲೆ ಬಹುವಚನ ತಾನೆ?

ಉತ್ತರ: ಆ ಹುಡುಗಿ ಹೇಳಿದ್ದೇ ಸರಿ. ಆದರೆ ನಿಮ್ಮ ತಪ್ಪು ಅಸಡ್ಡೆಯಿಂದ ಆದದ್ದಲ್ಲ, ಕನ್ನಡದ ಅಭ್ಯಾಸದಿಂದ ಆದದ್ದು. ನಾವು ಮನಸ್ಸಿನಲ್ಲಿ ‘ಎಲ್ಲರೂ ಬಂದಿದ್ದಾರೆ’ ಅಂದುಕೊಂಡು ಇಂಗ್ಲಿಷ್ ಮಾತಾಡುತ್ತೇವೆ. ಬಾಯಿಗೆ ‘ಎವ್ರಿವನ್ ಹ್ಯಾವ್ ಕಮ್’ ಬಂದುಬಿಡುತ್ತದೆ.

ಇಂಗ್ಲಿಷಿನ ವ್ಯಾಕರಣದಲ್ಲಿ ಎವ್ರಿವನ್ ಗುಂಪಲ್ಲ. ಮೇಷ್ಟ್ರು ಹಾಜರಿ ಕೂಗುವ ಹಾಗೆ, ಒಬ್ಬೊಬ್ಬರನ್ನೇ ಎಣಿಸುವ ಪದ. ಪದದೊಳಗೇ ‘ವನ್’ ಕೂತಿದೆ ನೋಡಿ. ಎವ್ರಿಬಡಿ, ಸಮ್‌ವನ್, ಎನಿವನ್, ನೋಬಡಿ, ಈಚ್ ಎಲ್ಲವೂ ಇದೇ ಜಾತಿ. ಕನ್ನಡದಲ್ಲಿ ಎವ್ರಿವನ್‌ಗೆ ಹತ್ತಿರದ್ದು ‘ಪ್ರತಿಯೊಬ್ಬ’. ‘ಪ್ರತಿಯೊಬ್ಬನೂ ಬಂದಿದ್ದಾನೆ’ ಅಂತ ಹೇಳಿ ನೋಡಿ, ಕ್ರಿಯಾಪದ ತಾನಾಗಿಯೇ ಏಕವಚನಕ್ಕೆ ಬರುತ್ತದೆ. ಬಹುವಚನವೇ ಬೇಕು ಅನ್ನುವವರಿಗೆ ‘ಆಲ್ ಆರ್ ರಿಕ್ವೆಸ್ಟೆಡ್’ ಇದ್ದೇ ಇದೆ.

ಸಮ್‌ವನ್ ಇನ್ನೂ ಮಜವಾಗಿದೆ. ಬಾಗಿಲು ತಟ್ಟಿದ ಸದ್ದು ಕೇಳಿದರೆ ‘ಯಾರೋ ಬಂದಿದ್ದಾರೆ’ ಅನ್ನುತ್ತೇವೆ. ಬಂದವರು ಒಬ್ಬರೇ ಆದರೂ ನಮ್ಮ ಕ್ರಿಯಾಪದ ಬಹುವಚನವೇ. ಗಂಡೋ ಹೆಣ್ಣೋ ಗೊತ್ತಿಲ್ಲದವರನ್ನು ‘ಬಂದಿದ್ದಾನೆ’ ಅನ್ನುವುದು ಹೇಗೆ? ಇಂಗ್ಲಿಷಿನ ಕ್ರಿಯಾಪದಕ್ಕೆ ಈ ಪಜೀತಿ ಇಲ್ಲ. ‘ಸಮ್‌ವನ್ ಹ್ಯಾಸ್ ಕಮ್’, ಅಷ್ಟೇ. ನೋಬಡಿ ವಿಷಯದಲ್ಲಂತೂ ಕನ್ನಡ ನಮಗೆ ಸಹಾಯಕ್ಕೇ ಬರುವುದಿಲ್ಲ. ‘ಯಾರೂ ಬಂದಿಲ್ಲ’ದಲ್ಲಿ ವಚನದ ಗುರುತೇ ಇಲ್ಲವಲ್ಲ!

ನಿಜವಾದ ಗುಂಡಿ ಇರುವುದು ‘ಆಫ್’ ಬಂದಾಗ. ‘ಈಚ್ ಆಫ್ ದಿ ಸ್ಟೂಡೆಂಟ್ಸ್’ ಎಂದು ಬರೆಯುವಷ್ಟರಲ್ಲಿ ಪಕ್ಕದ ‘ಸ್ಟೂಡೆಂಟ್ಸ್’ ಕೈ ಹಿಡಿದು ಎಳೆಯುತ್ತದೆ, ‘ಹ್ಯಾವ್’ ಬಿದ್ದುಹೋಗುತ್ತದೆ. ‘ಆಫ್ ದಿ ಸ್ಟೂಡೆಂಟ್ಸ್’ ಮೇಲೆ ಬೆರಳಿಟ್ಟು ಮುಚ್ಚಿ ಓದಿ: ‘ಈಚ್ ಹ್ಯಾಸ್ ಎ ಬುಕ್’. ಸರಿಹೋಯಿತಲ್ವಾ? ಆದರೆ ‘ದಿ ಸ್ಟೂಡೆಂಟ್ಸ್ ಈಚ್ ಹ್ಯಾವ್ ಎ ಬುಕ್’ ಕೂಡ ಸರಿ. ಅಲ್ಲಿ ಕರ್ತೃ ಸ್ಟೂಡೆಂಟ್ಸ್, ಈಚ್ ಸುಮ್ನೆ ಹಿಂದೆ ಬಂದು ನಿಂತಿದೆ.

ಎಸ್ ಅಕ್ಷರವೂ ಜಾಸ್ತಿ ಜನರನ್ನು ದಾರಿ ತಪ್ಪಿಸುತ್ತದೆ. ನಾಮಪದಕ್ಕೆ ಎಸ್ ಸೇರಿದರೆ ಸಾಮಾನ್ಯವಾಗಿ ಬಹುವಚನ. ವರ್ತಮಾನದ ಕ್ರಿಯಾಪದಕ್ಕೆ ಸೇರಿದರೆ ಏಕವಚನ. ಹಾಗಾಗಿ ‘ಎವ್ರಿಬಡಿ ನೋಸ್’. ಪ್ರಶ್ನೆ ಕೇಳುವಾಗ ಆ ಎಸ್ ಮುಂದಕ್ಕೆ ಹಾರುತ್ತದೆ: ‘ಡಸ್ ಎವ್ರಿಬಡಿ ನೋ?’

‘ನನ್’ ಮಾತ್ರ ಎರಡು ದೋಣಿಯಲ್ಲಿ ಕಾಲಿಟ್ಟಿದೆ. ‘ನನ್ ಆಫ್ ದೆಮ್ ಈಸ್’, ‘ನನ್ ಆಫ್ ದೆಮ್ ಆರ್’ ಎರಡೂ ನಡೆಯುತ್ತವೆ. ‘ಈಸ್’ ಒಂದೇ ಸರಿ ಎಂದು ಹಟ ಹಿಡಿಯುವವರ ಮಾತು ನನಗಂತೂ ಒಪ್ಪಿಗೆಯಿಲ್ಲ.

ಇಷ್ಟೆಲ್ಲ ಆದ ಮೇಲೆ ಆ ಹುಡುಗಿಗೆ ನೀವೊಂದು ತಿರುಗುಪ್ರಶ್ನೆ ಹಾಕಬಹುದು. ‘ಎವ್ರಿವನ್ ಹ್ಯಾಸ್ ಬ್ರಾಟ್ ದೇರ್ ಲಂಚ್’ ಎನ್ನುವಾಗ ಏಕವಚನದ ಜೊತೆ ‘ದೇರ್’ ಹೇಗೆ ಬಂತು? ಹಿಸ್ ಎಂದರೆ ಹೆಂಗಸರು ಹೊರಗುಳಿದರು, ಹರ್ ಎಂದರೆ ಗಂಡಸರು. ಅದಕ್ಕೇ ಇಂಗ್ಲಿಷ್ 14ನೇ ಶತಮಾನದಿಂದಲೂ ಇಂಥ ಕಡೆ ‘ದೇ’, ‘ದೇರ್’ ಬಳಸುತ್ತಿದೆ. ವಾಕ್ಯದ ಬಾಲದಲ್ಲೂ ಅದೇ: ‘ಎವ್ರಿವನ್ ಹ್ಯಾಸ್ ಕಮ್, ಹ್ಯಾವಂಟ್ ದೇ?’ ತಲೆಯಲ್ಲಿ ಹ್ಯಾಸ್, ಬಾಲದಲ್ಲಿ ಹ್ಯಾವ್. ನಮ್ಮ ‘ಯಾರೋ ಬಂದಿದ್ದಾರೆ’ ಮಾಡುವ ಕೆಲಸವೇ ಅಲ್ವಾ ಇದೂ?