ಯುರೋಪಿನ ಬಲಪಂಥ: ಸೀಟು ಕೂಡಿಸುವ ಮುನ್ನ

ಯುರೋಪಿಗೆ ಕಾಫಿ ಕಳಿಸುವವರಿಗೆ ಅಲ್ಲಿನ ಕಾಯ್ದೆಗಳ ಬಗ್ಗೆ ಸಲಹೆ ಕೊಡುವುದು ನನ್ನ ಕೆಲಸ. 2024ರ ಜೂನ್‌ನಲ್ಲಿ ನಡೆದ ಯುರೋಪಿಯನ್ ಸಂಸತ್ತಿನ ಚುನಾವಣೆಯ ನಂತರ ಒಂದೇ ಲೆಕ್ಕ ಮತ್ತೆ ಮತ್ತೆ ನನ್ನ ಮುಂದೆ ಬರುತ್ತಿದೆ. ಅಲ್ಲಿನ ಬಲಪಂಥದ ಗುಂಪುಗಳ ಸೀಟುಗಳು ಇವು: ನಡು-ಬಲಪಂಥದ ಇಪಿಪಿ 188, ಅದಕ್ಕಿಂತ ಬಲಕ್ಕಿರುವ ಪೇಟ್ರಿಯಟ್ಸ್ 84, ಇಸಿಆರ್ 78, ಜರ್ಮನಿಯ ಕಟ್ಟಾ ಬಲಪಂಥದ ಎಎಫ್‌ಡಿ ಪಕ್ಷ ಇರುವ ಗುಂಪು 25. ಒಟ್ಟು 375. ಬಹುಮತಕ್ಕೆ 361 ಸಾಕು. "ಬಲಪಂಥದವರೇ ಗೆದ್ದಿದ್ದಾರಲ್ಲ ಸರ್, ಅರಣ್ಯನಾಶದ ಕಾಯ್ದೆ ಬಿದ್ದುಹೋಗುತ್ತೆ. ತೋಟದ ಜಿಪಿಎಸ್ ಗುರುತು ಇನ್ನು ಯಾಕೆ?" ಎಂದು ಮೂಡಿಗೆರೆ ಕಡೆಯ ಬೆಳೆಗಾರರೊಬ್ಬರು ಕೇಳಿದರು. ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಯುರೋಪಿಗೆ ಬರಬಾರದು ಅನ್ನುವ ಕಾಯ್ದೆ ಅದು; ತೋಟ ಎಲ್ಲಿದೆ ಅನ್ನುವ ಜಿಪಿಎಸ್ ದಾಖಲೆಯನ್ನು ಅದು ಕೇಳುತ್ತದೆ. ಶ್ರದ್ಧೆಯಿಂದ ಓದಿಕೊಂಡು ಬಂದಿದ್ದರು, ಖುಷಿಯಾಯಿತು. ಕೂಡಿಸಿದ್ದೂ ಸರಿಯೇ. ಆದರೆ ಆ 375 ಒಂದು ಪಕ್ಷವಲ್ಲ, ಮೈತ್ರಿಕೂಟವೂ ಅಲ್ಲ.

ನಮ್ಮಲ್ಲಿ ವಿಪ್ ಮೀರಿದರೆ ಸದಸ್ಯತ್ವಕ್ಕೇ ಕುತ್ತು. ಅಲ್ಲಿ ಹಾಗಿಲ್ಲ. ಗುಂಪು ಕಟ್ಟಲು ಕನಿಷ್ಠ 23 ಸದಸ್ಯರು ಬೇಕು, ಅವರು ಏಳು ದೇಶಗಳಿಂದಾದರೂ ಬಂದಿರಬೇಕು. ಗುಂಪಾದರೆ ಹಣ, ಸಿಬ್ಬಂದಿ, ಮಾತಾಡಲು ಸಮಯ ಸಿಗುತ್ತದೆ. ಎಷ್ಟೋ ಪಕ್ಷಗಳು ಒಟ್ಟಿಗೆ ಕೂರುವುದಕ್ಕೆ ಇದೂ ಕಾರಣ. ಟಿಕೆಟ್ ಕೊಡುವುದು ಮಾತ್ರ ವಾರ್ಸಾದಲ್ಲೋ ರೋಮಿನಲ್ಲೋ ಇರುವ ಪಕ್ಷದ ಕಚೇರಿ. ಮತ ಹಾಕುವಾಗ ಸದಸ್ಯರು ಮೊದಲು ನೋಡುವುದು ಆ ಕಡೆಗೇ.

ಅದೂ ಅಲ್ಲದೆ, ರಾಷ್ಟ್ರವಾದಿಗಳಿಗೆ ಗಡಿಯಾಚೆಯ ಗೆಳೆತನ ಕಷ್ಟ. 2007ರ ಜನವರಿಯಲ್ಲಿ ರೊಮೇನಿಯಾ, ಬಲ್ಗೇರಿಯಾ ಯುರೋಪಿಯನ್ ಒಕ್ಕೂಟ ಸೇರಿದವು. ಅಲ್ಲಿಂದ ಬಂದ ಸದಸ್ಯರನ್ನು ಸೇರಿಸಿಕೊಂಡು ಕಟ್ಟಾ ಬಲಪಂಥೀಯರು ಒಂದು ಗುಂಪು ಕಟ್ಟಿದರು. ಅದೇ ನವೆಂಬರ್‌ನಲ್ಲಿ, ಗುಂಪಿನಲ್ಲೇ ಇದ್ದ ಇಟಲಿಯ ಅಲೆಸ್ಸಾಂದ್ರಾ ಮುಸೊಲಿನಿ ರೊಮೇನಿಯಾದವರನ್ನು ಹೀನಾಯವಾಗಿ ಮಾತಾಡಿದರು. ಐವರು ರೊಮೇನಿಯನ್ ಸದಸ್ಯರು ಎದ್ದು ಹೋದರು. ಆಗ ಬೇಕಿದ್ದ ಕನಿಷ್ಠ ಸಂಖ್ಯೆ 20. ಅದು ಉಳಿಯಲಿಲ್ಲ, ಗುಂಪು ಅಲ್ಲಿಗೆ ಮುಗಿಯಿತು. ಇವತ್ತಿನ ಬಿರುಕು ಉಕ್ರೇನ್. ಇಸಿಆರ್‌ನಲ್ಲಿರುವ ಇಟಲಿಯ ಮೆಲೋನಿಯವರ ಪಕ್ಷ ಮತ್ತು ಪೋಲೆಂಡಿನ ಪಿಐಎಸ್ ಪಕ್ಷ ಉಕ್ರೇನಿನ ಪರ. ಪೇಟ್ರಿಯಟ್ಸ್ ಕಟ್ಟಿದ ಹಂಗೆರಿಯ ಓರ್ಬಾನ್ ಉಕ್ರೇನಿಗೆ ಒಕ್ಕೂಟ ಕೊಡುವ ನೆರವಿಗೆ ಅಡ್ಡಿ ಮಾಡಿದವರು. ಅವರ ಪಕ್ಷ 2021ರವರೆಗೆ ಇಪಿಪಿಯಲ್ಲೇ ಇತ್ತು ಅನ್ನುವುದನ್ನೂ ಮರೆಯಬೇಡಿ.

ಹಾಗಂತ ಬಲಗಡೆಯ ಬಹುಮತ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅದು ವಿಷಯದಿಂದ ವಿಷಯಕ್ಕೆ ಹುಟ್ಟುತ್ತದೆ, ಕರಗುತ್ತದೆ. 2024ರ ಜುಲೈನಲ್ಲಿ ಫಾನ್ ಡೆರ್ ಲೈಯನ್ ಅವರನ್ನು ಮತ್ತೆ ಯುರೋಪಿಯನ್ ಆಯೋಗದ (ಒಕ್ಕೂಟದ ಆಡಳಿತ ನಡೆಸುವ ಸಂಸ್ಥೆ) ಅಧ್ಯಕ್ಷರನ್ನಾಗಿ ಮಾಡುವಾಗ ಇಪಿಪಿ ನೆಚ್ಚಿಕೊಂಡಿದ್ದು ಸಮಾಜವಾದಿಗಳನ್ನು, ಉದಾರವಾದಿಗಳನ್ನು, ಹಸಿರು ಪಕ್ಷದವರನ್ನು. ನವೆಂಬರ್‌ನಲ್ಲಿ ನಮ್ಮ ಕಾಫಿಯ ಕಾಯ್ದೆ ಬಂದಾಗ ಅದೇ ಇಪಿಪಿ ಬಲಕ್ಕೆ ವಾಲಿತು. ಕಾಯ್ದೆ ಒಂದು ವರ್ಷ ಮುಂದಕ್ಕೆ, ಜೊತೆಗೆ ನಿಯಮ ಸಡಿಲವಾಗುವ, 'ಅಪಾಯವೇ ಇಲ್ಲದ ದೇಶ' ಎಂಬ ಹೊಸ ವರ್ಗ. 371 ಪರ, 240 ವಿರೋಧ. ಅವತ್ತು ನನಗೆ ಫೋನ್ ಮೇಲೆ ಫೋನ್! ಆದರೆ ಸಂಸತ್ತು ಒಬ್ಬಂಟಿಯಾಗಿ ಕಾಯ್ದೆ ಮಾಡುವುದಿಲ್ಲ. ಸದಸ್ಯ ದೇಶಗಳ ಸರ್ಕಾರಗಳು ಕೂರುವ ಮಂಡಳಿಯೂ ಒಪ್ಪಬೇಕು. ಅದು ಒಪ್ಪಲಿಲ್ಲ. ಡಿಸೆಂಬರ್‌ನಲ್ಲಿ ಆ ಹೊಸ ವರ್ಗ ಬಿದ್ದುಹೋಯಿತು, ಗಡುವು ಮಾತ್ರ ಮುಂದಕ್ಕೆ ಹೋಯಿತು.

ಮುಂದೆ ಕಾಯ್ದೆ ಇನ್ನೂ ಸಡಿಲವಾಗಬಹುದು, ಆಗದೆಯೂ ಇರಬಹುದು. ಖಚಿತವಾಗಿ ಹೇಳುವವರನ್ನು ನಂಬಬೇಡಿ. ಗುಂಪಿನ ಹೆಸರು ಬಿಟ್ಟು, ಇಪಿಪಿಯಲ್ಲಿರುವ ಜರ್ಮನಿಯ ಕ್ರಿಶ್ಚಿಯನ್ ಡೆಮಾಕ್ರಾಟರು ಏನನ್ನುತ್ತಾರೆ, ಮಂಡಳಿಯಲ್ಲಿ ಯಾವ ಸರ್ಕಾರ ಎಲ್ಲಿ ನಿಂತಿದೆ, ಅದನ್ನು ಕೇಳಿ. ತೋಟದ ಗುರುತು ಹಾಕುವ ಕೆಲಸವನ್ನು ದಯವಿಟ್ಟು ನಿಲ್ಲಿಸಬೇಡಿ. ನನ್ನ ಬಳಿ ಬರುವವರಲ್ಲಿ ಕೆಲವರಿಗೆ ಅಲ್ಲಿನ ಖರೀದಿದಾರರು ಆ ದಾಖಲೆಯನ್ನು ಈಗಲೇ ಕೇಳುತ್ತಿದ್ದಾರೆ.