ಬಿತ್ತನೆ ಬೀಜದವರೆಗೂ ಚಾಚಿದ ಕೈ: ಸೋವಿಯತ್ ಧಾನ್ಯ ನೀತಿ, 1918–1933

ಯುದ್ಧ ಕಮ್ಯುನಿಸಂ, ಹೊಸ ಆರ್ಥಿಕ ನೀತಿ, ಮೊದಲ ಪಂಚವಾರ್ಷಿಕ ಯೋಜನೆ. ಈ ಮೂರನ್ನು ಬೇರೆ ಬೇರೆ ಅಧ್ಯಾಯಗಳಾಗಿ ಬಾಯಿಪಾಠ ಮಾಡುವುದು ವಾಡಿಕೆ. ಹಾಗೆ ಓದಿದರೆ ಇಸವಿಗಳು ನೆನಪಿರುತ್ತವೆ, ವಿಷಯ ಕೈತಪ್ಪುತ್ತದೆ. ರೈತನ ಕಣಜದಲ್ಲಿರುವ ಧಾನ್ಯದಲ್ಲಿ ಎಷ್ಟು ಅವನದು, ಅದನ್ನು ತೀರ್ಮಾನಿಸುವವರು ಯಾರು ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಹದಿನೈದು ವರ್ಷಗಳನ್ನು ಒಟ್ಟಿಗೆ ಓದಿ. ನಾನು ಈ ಟಿಪ್ಪಣಿಯನ್ನು ಹಾಗೆಯೇ ಬರೆದಿದ್ದೇನೆ.

ಮೊದಲು ಯುದ್ಧ ಕಮ್ಯುನಿಸಂ, ಅಂದರೆ ಅಂತರ್ಯುದ್ಧದ ಕಾಲದ ಬಲವಂತದ ನೀತಿ. ಆ ದಿನಗಳಲ್ಲಿ ನಗರಗಳಿಗೂ ಸರ್ಕಾರದ ಕೆಂಪು ಸೇನೆಗೂ ಅನ್ನ ಬೇಕಿತ್ತು. ಹಣಕ್ಕೆ ಬೆಲೆಯಿರಲಿಲ್ಲ, ರೈತನಿಗೆ ಬದಲಾಗಿ ಕೊಡಲು ಬಟ್ಟೆಯಾಗಲಿ ಮೊಳೆಯಾಗಲಿ ಕಾರ್ಖಾನೆಗಳಲ್ಲಿ ಸಾಕಷ್ಟಿರಲಿಲ್ಲ. 1918ರ ಮೇನಲ್ಲಿ ಸರ್ಕಾರ ಧಾನ್ಯದ ಮೇಲೆ ಪೂರ್ಣಾಧಿಕಾರ ಘೋಷಿಸಿ ಶಸ್ತ್ರಸಜ್ಜಿತ ದಳಗಳನ್ನು ಹಳ್ಳಿಗಳಿಗೆ ಕಳುಹಿಸಿತು. 1919ರ ಜನವರಿಯಲ್ಲಿ ಬಂದ ಪಾಲು ಹಂಚಿಕೆಯ ಪದ್ಧತಿಯನ್ನು ನಿಧಾನವಾಗಿ ಅರ್ಥಮಾಡಿಕೊಳ್ಳಬೇಕು. ಅಲ್ಲಿ ಲೆಕ್ಕ ಶುರುವಾಗುತ್ತಿದ್ದುದು ಬೆಳೆಯಿಂದಲ್ಲ, ಸರ್ಕಾರದ ಅಗತ್ಯದಿಂದ. ಮೇಲಿನವರು ಒಂದು ಮೊತ್ತ ನಿಗದಿ ಮಾಡಿ ಅದನ್ನು ಪ್ರಾಂತ್ಯಗಳಿಗೆ, ಅಲ್ಲಿಂದ ಹಳ್ಳಿಗಳಿಗೆ ಹಂಚುತ್ತಿದ್ದರು. ‘ಹೆಚ್ಚುವರಿ ಧಾನ್ಯ’ ಎಂದು ಕಾಗದದಲ್ಲಿದ್ದರೂ ಅನೇಕ ಕಡೆ ಒಯ್ದದ್ದು ಮನೆಯವರ ಊಟವನ್ನು, ಮುಂದಿನ ಬಿತ್ತನೆಯ ಬೀಜವನ್ನು. ಬೆಳೆದದ್ದು ತನಗೆ ಉಳಿಯುವುದಿಲ್ಲವೆಂದು ತಿಳಿದ ರೈತ ಬಿತ್ತನೆಯನ್ನೇ ಕಡಿಮೆ ಮಾಡಿದ. ಅದು ಸೋಮಾರಿತನವೂ ಅಲ್ಲ, ದ್ರೋಹವೂ ಅಲ್ಲ.

ಹೀಗೆ ಬರಿದಾಗಿದ್ದ ವೋಲ್ಗಾ ಕಣಿವೆಯ ಮೇಲೆ 1920–21ರಲ್ಲಿ ಮಳೆಯೂ ಮುನಿಯಿತು. ಕ್ಷಾಮದಲ್ಲಿ ಸುಮಾರು 50 ಲಕ್ಷ ಜನ ಸತ್ತರು. ಅಷ್ಟರಲ್ಲಿ ತಂಬೋವ್ ಪ್ರಾಂತ್ಯದ ರೈತರು ದಂಗೆ ಎದ್ದಿದ್ದರು; 1921ರ ಮಾರ್ಚ್‌ನಲ್ಲಿ ಕ್ರೋನ್‌ಸ್ಟಾಟ್ ನೌಕಾನೆಲೆಯ ನಾವಿಕರೂ ಬಂಡೆದ್ದರು. ಅದೇ ತಿಂಗಳು ನಡೆದ ಕಮ್ಯುನಿಸ್ಟ್ ಪಕ್ಷದ ಹತ್ತನೆಯ ಕಾಂಗ್ರೆಸ್‌ನಲ್ಲಿ (ಮಹಾಧಿವೇಶನದಲ್ಲಿ) ಲೆನಿನ್ ವಸೂಲಿಯನ್ನು ಕೈಬಿಟ್ಟು ಧಾನ್ಯರೂಪದ ತೆರಿಗೆ ತಂದರು. ತೆರಿಗೆ ಕೊಟ್ಟು ಮಿಕ್ಕಿದ್ದನ್ನು ರೈತ ಮಾರಬಹುದಾಗಿತ್ತು. ಹೊಸ ಆರ್ಥಿಕ ನೀತಿಯ ಬೇರು ಇದು.

ಇಲ್ಲಿ ಒಂದು ಅಂಶವನ್ನು ಗುರುತು ಹಾಕಿಕೊಳ್ಳಿ, ಮುಂದೆ ಬೇಕಾಗುತ್ತದೆ. 1921ರ ಕ್ಷಾಮವನ್ನು ಸರ್ಕಾರ ಒಪ್ಪಿಕೊಂಡಿತು. ಆ ಜುಲೈನಲ್ಲಿ ಸಾಹಿತಿ ಮ್ಯಾಕ್ಸಿಂ ಗಾರ್ಕಿ ಜಗತ್ತಿನ ಮುಂದೆ ನೆರವು ಕೇಳಿದರು. ಹರ್ಬರ್ಟ್ ಹೂವರ್ ಅವರ ಅಮೆರಿಕನ್ ಪರಿಹಾರ ಸಂಸ್ಥೆ 1922ರ ಬೇಸಿಗೆಯಲ್ಲಿ ದಿನವೊಂದಕ್ಕೆ ಒಂದು ಕೋಟಿಗೂ ಹೆಚ್ಚು ಜನರಿಗೆ ಊಟ ಕೊಡುತ್ತಿತ್ತು.

ಹೊಸ ಆರ್ಥಿಕ ನೀತಿಯಲ್ಲಿ ಹಳ್ಳಿ ಚೇತರಿಸಿಕೊಂಡಿತು, ಆದರೆ ಬೆಲೆಯ ಜಗಳ ಮುಗಿಯಲಿಲ್ಲ. 1913ನ್ನು 100 ಎಂದು ಹಿಡಿದರೆ, 1923ರ ಅಕ್ಟೋಬರ್‌ನಲ್ಲಿ ಕೈಗಾರಿಕಾ ವಸ್ತುಗಳ ಬೆಲೆ 276, ಕೃಷಿ ಉತ್ಪನ್ನಗಳದ್ದು 89. ಎರಡು ಬೆಲೆಗಳು ಕತ್ತರಿಯ ಅಲಗುಗಳಂತೆ ದೂರ ಸರಿದ ಇದನ್ನೇ ಕತ್ತರಿ ಬಿಕ್ಕಟ್ಟು ಎನ್ನುತ್ತಾರೆ. 1927ರ ಕೊನೆಯಲ್ಲಿ ಸರ್ಕಾರದ ಖರೀದಿ ದರ ತೀರ ಕಡಿಮೆಯೆನಿಸಿದ ರೈತರು ಧಾನ್ಯವನ್ನು ಮಾರದೆ ಇಟ್ಟುಕೊಂಡರು. ದರ ಏರಿಸುವ ದಾರಿ ತೆರೆದೇ ಇತ್ತು. ಪಕ್ಷದ ನಾಯಕರಲ್ಲೊಬ್ಬರಾದ ಬುಖಾರಿನ್ ಮತ್ತು ಅವರ ಕಡೆಯವರು ವಾದಿಸಿದ್ದೂ ಒತ್ತಾಯ ಬೇಡವೆಂದೇ. ಸ್ಟಾಲಿನ್ 1928ರ ಜನವರಿಯಲ್ಲಿ ಸೈಬೀರಿಯಾಕ್ಕೆ ಹೋಗಿ, ಲಾಭಕೋರತನವನ್ನು ಶಿಕ್ಷಿಸುವ ದಂಡ ಸಂಹಿತೆಯ 107ನೇ ವಿಧಿಯನ್ನು ರೈತರ ಮೇಲೆ ಪ್ರಯೋಗಿಸಿ ಧಾನ್ಯ ತೆಗೆಸಿದರು. ಬೇರೆ ದಾರಿಯೇ ಇರಲಿಲ್ಲ ಎಂಬ ವಾದ ನನಗೆ ಒಪ್ಪಿಗೆಯಾಗುವುದಿಲ್ಲ.

ಮೊದಲ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ, 1929ರ ಕೊನೆಗೆ, ರೈತರ ಹೊಲ, ಜಾನುವಾರುಗಳನ್ನು ಒಟ್ಟುಗೂಡಿಸುವ ಸಾಮೂಹಿಕ ಕೃಷಿ ಒತ್ತಾಯದ ಕಾರ್ಯಕ್ರಮವಾಯಿತು. ‘ಕುಲಾಕ್’ ಎಂದರೆ ಸಿರಿವಂತ ರೈತ ಎಂಬ ಅರ್ಥ ಪಠ್ಯದಲ್ಲಿರುತ್ತದೆ. ಆದರೆ 1930ರ ಜನವರಿ 30ರ ಪಕ್ಷದ ತೀರ್ಮಾನ ಪ್ರತಿ ಪ್ರದೇಶದ ಸರಾಸರಿ 3ರಿಂದ 5 ಶೇಕಡಾ ಕುಟುಂಬಗಳು ಕುಲಾಕರೆಂದು ಮೊದಲೇ ಹೇಳಿಬಿಟ್ಟಿತ್ತು. 1919ರಲ್ಲಿ ಎಷ್ಟು ಧಾನ್ಯ ಬೇಕೆಂದು ಮೇಲಿನಿಂದ ಪಾಲು ನಿಗದಿ ಮಾಡಿದರು, ಈಗ ಎಷ್ಟು ಮನುಷ್ಯರೆಂದೇ ನಿಗದಿ ಮಾಡಿದರು. 1930–31ರಲ್ಲಿ ಸುಮಾರು 18 ಲಕ್ಷ ಜನರನ್ನು ಉತ್ತರದ ಕಾಡುಗಳಿಗೆ, ಉರಲ್‌ಗೆ, ಸೈಬೀರಿಯಾಕ್ಕೆ, ಕಜಕಿಸ್ತಾನಕ್ಕೆ ಸಾಗಿಸಲಾಯಿತು. ಉಳಿದವರು ಜಾನುವಾರುಗಳನ್ನು ಸಾಮೂಹಿಕ ಕೊಟ್ಟಿಗೆಗೆ ಒಪ್ಪಿಸುವ ಬದಲು ಕಡಿದು ತಿಂದರು. 1933ರ ಹೊತ್ತಿಗೆ ದೇಶದ ಕುದುರೆ, ದನಗಳ ಸಂಖ್ಯೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಟ್ರ್ಯಾಕ್ಟರ್‌ಗಳು ಆ ಕೊರತೆಯನ್ನು ತುಂಬುವಷ್ಟಿರಲಿಲ್ಲ; ಉಳುಮೆ ಸೊರಗಿತು.

ಇನ್ನೊಂದು ಕಡೆ ಯಂತ್ರಗಳ ಆಮದಿಗೆ ವಿದೇಶಿ ಹಣ ಬೇಕಿತ್ತು. ಜಾಗತಿಕ ಆರ್ಥಿಕ ಕುಸಿತದಿಂದ ಧಾನ್ಯದ ಬೆಲೆ ಬಿದ್ದಿದ್ದರಿಂದ ಅದೇ ಯಂತ್ರಕ್ಕೆ ಹೆಚ್ಚು ಧಾನ್ಯ ಮಾರಬೇಕಾಯಿತು. 1931ರಲ್ಲಿ ಸುಮಾರು 50 ಲಕ್ಷ ಟನ್ ರಫ್ತಾಯಿತು. 1932ರಲ್ಲಿ ಅದು ಬಹಳ ತಗ್ಗಿತು, ಆದರೆ ನಿಲ್ಲಲಿಲ್ಲ.

1932ರ ಬೆಳೆ ಕೆಟ್ಟಿತು, ವಸೂಲಿ ನಡೆದೇ ಇತ್ತು. ಆಗಸ್ಟ್ 7ರ ಕಾನೂನಿನ ಪ್ರಕಾರ ಸಾಮೂಹಿಕ ಹೊಲದ ಆಸ್ತಿ ಕದ್ದವರಿಗೆ ಮರಣದಂಡನೆ ಅಥವಾ ಹತ್ತು ವರ್ಷ ಸೆರೆ. ಕೊಯ್ಲಾದ ಹೊಲದಲ್ಲಿ ಬಿದ್ದ ತೆನೆ ಆಯ್ದವರೂ ಇದಕ್ಕೆ ಸಿಕ್ಕಿಬಿದ್ದರು. ಪಾಲು ಕೊಡದ ಹಳ್ಳಿಗಳನ್ನು ಕಪ್ಪುಪಟ್ಟಿಗೆ ಸೇರಿಸಿ ಅಂಗಡಿ ಸಾಮಾನು ಬರುವುದನ್ನೂ ತಡೆದರು. 1933ರ ಜನವರಿ 22ರ ಆದೇಶ ಉಕ್ರೇನ್ ಮತ್ತು ಉತ್ತರ ಕಾಕಸಸ್‌ನ ಕುಬಾನ್ ಪ್ರದೇಶದ ರೈತರು ಅನ್ನ ಹುಡುಕಿ ಹೊರಗೆ ಹೋಗದಂತೆ ದಾರಿ ಮುಚ್ಚಿತು. ಈ ಸಲ ಕ್ಷಾಮವಿದೆಯೆಂದೇ ಸರ್ಕಾರ ಒಪ್ಪಲಿಲ್ಲ, ಹೊರಗಿನ ನೆರವನ್ನೂ ಕೇಳಲಿಲ್ಲ. 1921ರ ಪಾಠ ಗೊತ್ತಿದ್ದವರೇ ಅಧಿಕಾರದಲ್ಲಿದ್ದರು ಎಂಬುದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ.

ಕಜಕಿಸ್ತಾನವನ್ನು ಅಡಿಟಿಪ್ಪಣಿಗೆ ತಳ್ಳಬೇಡಿ. ಅಲೆಮಾರಿ ಪಶುಪಾಲಕರನ್ನು ಒಂದೆಡೆ ನೆಲೆನಿಲ್ಲಿಸುವ ಒತ್ತಾಯ, ಮಾಂಸ ಮತ್ತು ಧಾನ್ಯದ ವಸೂಲಿ ಇವುಗಳ ನಡುವೆ ಅವರ ಹಿಂಡುಗಳ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ನಾಶವಾಯಿತು. ಸುಮಾರು 15 ಲಕ್ಷ ಜನ ಸತ್ತರು. ಕಜಕ್ ಜನಾಂಗದ ಮೂರನೇ ಒಂದು ಭಾಗಕ್ಕೂ ಹೆಚ್ಚು ಜನ ಇಲ್ಲವಾದರು.

ಉಕ್ರೇನ್‌ನ ಸಾವುಗಳನ್ನು ಇಂದಿನ ಬಹುತೇಕ ಅಧ್ಯಯನಗಳು 35ರಿಂದ 40 ಲಕ್ಷದ ಆಸುಪಾಸಿನಲ್ಲಿ ಇಡುತ್ತವೆ. ಇದು ಉಕ್ರೇನಿಯರನ್ನು ಗುರಿಯಾಗಿಸಿದ ಜನಾಂಗಹತ್ಯೆಯೇ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಭಿನ್ನಮತವಿದೆ. ಉತ್ತರ ಬರೆಯುವಾಗ ಆ ಚರ್ಚೆಯನ್ನು ಹೇಳಿ, ಆದರೆ ಜನವರಿ 22ರ ಆದೇಶದಂಥ ದಾಖಲೆಗಳು ಚರ್ಚೆಯಲ್ಲಿ ಕಳೆದುಹೋಗಲು ಬಿಡಬೇಡಿ. ಅಂಕಿಗಳನ್ನು ‘ಸುಮಾರು’ ಎಂದೇ ಬರೆಯಿರಿ. ಹಸಿವಿನ ತಿಂಗಳುಗಳಲ್ಲಿ ಹಳ್ಳಿಗಳ ಮರಣ ನೋಂದಣಿಯೇ ಕುಸಿದುಬಿದ್ದಿತ್ತು. 1937ರ ಜನಗಣತಿಯಲ್ಲಿ ನಿರೀಕ್ಷೆಗಿಂತ ಲಕ್ಷಾಂತರ ಜನ ಕಡಿಮೆ ಬಂದಾಗ ಸರ್ಕಾರ ಆ ಗಣತಿಯನ್ನೇ ರದ್ದುಮಾಡಿ, ಅದನ್ನು ನಡೆಸಿದ್ದ ಒಲಿಂಪಿ ಕ್ವಿಟ್ಕಿನ್ ಅವರನ್ನು ಬಂಧಿಸಿ ಗುಂಡಿಟ್ಟು ಕೊಂದಿತು.